ಮಾಲೀಕರ ಮಗನ ಎದುರಾಳಿ

ಪ್ರಜಾಪ್ರಭುತ್ವವನ್ನು ಪುಸ್ತಕದಿಂದ ಓದಿಸಿದರೆ ಯಾರಿಗೂ ಏನೂ ಆಗುವುದಿಲ್ಲ. ಮಾಡಿ ತೋರಿಸಲು ಹೊರಟಾಗಲೇ ಫಜೀತಿ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ ನನಗೆ ಇದನ್ನು ಯಾವ ಪ್ರಾಧ್ಯಾಪಕರೂ ಹೇಳಿರಲಿಲ್ಲ. ಗರುಡಾಚಾರ್‌ಪಾಳ್ಯದ ಕಡೆಯ ಒಂದು ಸರ್ಕಾರಿ ಶಾಲೆಯ ಏಳನೇ ತರಗತಿ ಹೇಳಿಕೊಟ್ಟಿತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹಲಸೂರಿನಿಂದ ಬಸ್ಸು ಬದಲಿಸಿಕೊಂಡು ಹೋಗಿ ಅಲ್ಲಿ ಸಮಾಜ ಪಾಠ ಮಾಡುತ್ತಿದ್ದೆ.

ನಾಮಪತ್ರ

"ಈ ಸಲ ಮಕ್ಕಳಿಂದ ಓಟು ಹಾಕಿಸಿ ಲೀಡರನ್ನ ಆರಿಸಿ" ಎಂದರು ಹೆಡ್‌ಮಿಸ್. "ಆದ್ರೆ ಗಲಾಟೆ ಆಗ್ಬಾರ್ದು. ಅವಿರೋಧವಾಗಿ ಆಗ್ಬಿಟ್ರೆ ಇನ್ನೂ ಒಳ್ಳೇದು."

ಹಾಗೇ ಆಗುವಂತಿತ್ತು. ಮೊದಲು ಕೈಯೆತ್ತಿದವನು ವಠಾರದ ಮಾಲೀಕರ ಮಗ. ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲುಸಾಲು ಬಾಡಿಗೆ ರೂಮುಗಳು. ಯಾದಗಿರಿ, ರಾಯಚೂರು ಕಡೆಯಿಂದ ಕೂಲಿಗೆ ಬಂದವರು ಅಲ್ಲಿದ್ದರು. ನನ್ನ ತರಗತಿಯ ಮುಕ್ಕಾಲು ಪಾಲು ಅವರ ಮಕ್ಕಳೇ.

"ಬೇರೆ ಯಾರೂ ನಿಲ್ಲಲ್ವಾ?" ಎಂದೆ. ತರಗತಿ ನೆಲ ನೋಡಿತು. ಹಿಂದಿನ ಬೆಂಚಿನಿಂದ ವರದಿ ಬಂತು: "ಹೋದ ದೀಪಾವಳೀಲಿ ಓನರಿಗಿಂತ ಜಾಸ್ತಿ ಪಟಾಕಿ ಹೊಡೆದ್ರು ಅಂತ ಒಂದು ಮನೆಯವ್ರನ್ನ ಖಾಲಿ ಮಾಡ್ಸಿದ್ರು ಸಾರ್."

ಆಗ ಅದೇ ವಠಾರದ ಕೊನೆಯ ರೂಮಿನ ಹುಡುಗಿಯೊಬ್ಬಳು ಎದ್ದಳು. "ನಾ ನಿಂದರ್ತೀನ್ರಿ ಸರ."

ಅವಳ ಹೆಸರನ್ನು ಸೂಚಿಸುವವರು ಯಾರು ಎಂದೆ. ಯಾರ ಕೈಯೂ ಮೇಲೇಳಲಿಲ್ಲ. ಬಹಳ ಹೊತ್ತಿನ ಮೇಲೆ ಮಾಲೀಕರ ಮಗನೇ ಎತ್ತಿದ.

"ನೀನ್ಯಾಕೋ?"

"ಸುಮ್ನೆ ಗೆದ್ರೆ ಅಪ್ಪ ಬಿರಿಯಾನಿ ಮಾಡ್ಸಲ್ವಂತೆ ಸಾರ್. ಯಾರನ್ನಾದ್ರೂ ಸೋಲಿಸ್ಬೇಕಂತೆ."

ಮತದಾರರು

ಮತದಾನದ ತಾಲೀಮು ನಡೆಸಲು ಚೀಟಿ ಹಂಚಿದೆ. ಅರ್ಧ ತರಗತಿ ಕೈ ಚಾಚಲಿಲ್ಲ.

"ತಗೊಳ್ರೋ."

"ನಮ್ಮ ಓಟು ಇಲ್ಲಿಲ್ರಿ ಸರ. ಊರಾಗದ."

ಅವರ ಮಟ್ಟಿಗೆ ಅದು ಸತ್ಯ. ಚುನಾವಣೆ ಬಂದರೆ ಅಪ್ಪ, ಅಮ್ಮ ರೈಲಿನಲ್ಲಿ ಜೋತುಬಿದ್ದು ಊರಿಗೆ ಹೋಗಿ ಓಟು ಹಾಕಿ ಬರುವುದನ್ನು ಅವರು ಕಂಡಿದ್ದರು. ಬೆಂಗಳೂರಿನಲ್ಲಿ ಕೆಲಸವಿರುತ್ತದೆ, ಓಟು ಇರುವುದಿಲ್ಲ. ಇಲ್ಲಿ ಹಾಕಿದರೆ ಅಲ್ಲಿಯದು ರದ್ದಾಗುತ್ತದೆಂದು ಒಬ್ಬ ಹೆದರಿಸಿಯೂ ಬಿಟ್ಟಿದ್ದ. ನಾನು ಪೌರತ್ವ, ವಾಸಸ್ಥಳ, ಸಂವಿಧಾನ ಎಂದೆಲ್ಲ ಪೀರಿಯಡ್ ಮುಗಿಯುವವರೆಗೆ ಮಾತಾಡಿದೆ. ಈ ಓಟು ಶಾಲೆಯದು, ಇಲ್ಲೇ ಹಾಕಬೇಕು ಎಂದು ಮೇಜು ಕುಟ್ಟಿದೆ.

ಒಬ್ಬ ಬೇಸರದಿಂದ ಕೇಳಿದ: "ಹಂಗಾರ ಊರಿಗಿ ಹೋಗಾಕ ರಜಾ ಕೊಡಂಗಿಲ್ಲೇನ್ರಿ?"

ನೀರು

ಒಂದು ಬೆಳಿಗ್ಗೆ ವಠಾರದ ಕೆಲವು ಮಕ್ಕಳು ಮುಖ ತೊಳೆಯದೆ ಬಂದರು. ವಿಚಾರಿಸಿದರೆ, ಮಾಲೀಕರ ಮಗ ಮೋಟಾರಿನ ಸ್ವಿಚ್ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದನಂತೆ. ತನಗೆ ಓಟು ಹಾಕುತ್ತೇವೆ ಅಂದವರ ಮನೆಗೆ ಎರಡು ಕೊಡ, ಯೋಚನೆ ಮಾಡುತ್ತೇವೆ ಅಂದವರಿಗೆ ಒಂದು. ಹುಡುಗಿಯ ಮನೆಗೆ ಇಲ್ಲ.

ಅವನನ್ನು ಸ್ಟಾಫ್ ರೂಮಿಗೆ ಕರೆಸಿದೆ. "ಇದನ್ನ ಬೆದರಿಕೆ ಅಂತಾರೆ, ಗೊತ್ತಾ?"

"ಇಲ್ಲ ಸಾರ್" ಎಂದ, ನನ್ನ ಅಜ್ಞಾನಕ್ಕೆ ಮರುಗುವವನಂತೆ. "ಪ್ರಣಾಳಿಕೆ ಅಂತಾರೆ. ನೀವೇ ನಿನ್ನೆ ಪಾಠ ಮಾಡಿದ್ರಲ್ಲ."

ತಾಯಿ

ಮತದಾನದ ಹಿಂದಿನ ದಿನ ಹುಡುಗಿಯ ತಾಯಿ ಬಂದಳು. ಕಟ್ಟಡದ ಕೆಲಸದಿಂದ ನೇರ ಬಂದಿದ್ದಳು. ಸಿಮೆಂಟು ಇನ್ನೂ ಕೈಯಲ್ಲೇ ಇತ್ತು.

"ಸರ, ನಿಮ್ಮ ಕಾಲಿಗಿ ಬೀಳ್ತೀನಿ, ಆಕಿನ್ನ ಸೋಲಿಸ್ರಿ. ಆಕಿ ಗೆದ್ರ ನಾಳಿಗೇ ರೂಮ್ ಖಾಲಿ ಮಾಡಿಸ್ತಾರ. ನಡು ವರ್ಷದಾಗ ಮಕ್ಕಳ್ನ ಕಟ್ಕೊಂಡು ಎಲ್ಲಿಗಿ ಹೋಗ್ಲಿ?"

ಮತದಾನ ಗುಪ್ತವಾಗಿರುತ್ತದೆ, ಯಾರು ಯಾರಿಗೆ ಹಾಕಿದರೆಂದು ಮಾಲೀಕರಿಗೆ ತಿಳಿಯುವುದಿಲ್ಲ ಎಂದು ಸಮಾಧಾನ ಹೇಳಿದೆ.

"ಗುಪ್ತ!" ಎಂದಳು. "ನಾ ಉಳ್ಳಾಗಡ್ಡಿ ಹೆಚ್ಚಿದ್ರ ಮಾಲಕರ ಕಣ್ಣಾಗ ನೀರು ಬರ್ತದರಿ. ಆ ವಠಾರದಾಗ ಗುಪ್ತ ಎಲ್ಲಿಂದ ಬರಬೇಕು?"

ಹುಡುಗಿಯನ್ನು ಕರೆಸಿದೆ. ತತ್ವವೆಲ್ಲ ಬದಿಗಿಟ್ಟು, "ನಾಮಪತ್ರ ವಾಪಸ್ ತಗೊಂಡ್ಬಿಡಮ್ಮಾ" ಎಂದೆ. ತಾಯಿ ಪಕ್ಕದಲ್ಲೇ ಕೈಮುಗಿದು ನಿಂತಿದ್ದಳು.

ಹುಡುಗಿ ನನ್ನನ್ನು ಕನಿಕರದಿಂದ ನೋಡಿದಳು. "ವಾಪಸ್ ತಗೊಳ್ಳೋ ಟೈಮ್ ನಿನ್ನೆ ಮುಗೀತಲ್ರಿ ಸರ. ಬೋರ್ಡ್ ಮ್ಯಾಲ ನೀವೇ ಬರದೀರಿ."

ಫಲಿತಾಂಶ

ಭಾರತದ ನಕ್ಷೆಯ ಹಿಂದೆ ಓಟು, ಬೂಟಿನ ಡಬ್ಬಿಯಲ್ಲಿ ಚೀಟಿ. ಎಣಿಸಲು ಕೂತೆ. ಒಂದೊಂದು ಚೀಟಿ ಬಿಡಿಸುವಾಗಲೂ ಆ ಹುಡುಗಿಯದಾಗದಿರಲಿ ಎಂದು ಹಾರೈಸಿದೆ. ಚೀಟಿಗಳು ನನ್ನ ಮಾತು ಕೇಳಲಿಲ್ಲ. ಅವಳು ಭರ್ಜರಿಯಾಗಿ ಗೆದ್ದಳು. ಮಾಲೀಕರ ಮಗ ಬಿರಿಯಾನಿಗಾಗಿ ಅತ್ತ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಬುಲೆಟ್ ನಿಂತ ಸದ್ದಾಯಿತು. ಹೆಡ್‌ಮಿಸ್‌ಗೆ ಇದ್ದಕ್ಕಿದ್ದಂತೆ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ತುರ್ತು ಕೆಲಸ ನೆನಪಾಯಿತು, ಹಿಂಬಾಗಿಲಿನಿಂದ ಹೋದರು. ಮಾಲೀಕರು ಒಳಗೆ ಬಂದು, ಕೂತುಕೊಳ್ಳದೆ, "ಆ ಹುಡುಗೀನ ಕರೀರಿ ಮೇಷ್ಟ್ರೇ" ಎಂದರು.

ಅವಳು ಬಂದು ಬಾಗಿಲಲ್ಲಿ ನಿಂತಳು. ಬಾಣಸವಾಡಿಯಲ್ಲಿ ಯಾರ ಮನೆಯಲ್ಲಾದರೂ ರೂಮು ಖಾಲಿ ಇದೆಯೇ ಎಂದು ನಾನು ಮನಸ್ಸಿನಲ್ಲೇ ಹುಡುಕತೊಡಗಿದ್ದೆ.

"ನಿನ್ನೆ ಬೆಳಿಗ್ಗೆ ನಮ್ ವಠಾರದ ಒಂದೊಂದು ಮಗೂನೂ ನಿಲ್ಸಿ ಕೇಳ್ದೆ, ನಮ್ಮ ಹುಡುಗಂಗೆ ಹಾಕ್ತೀಯಾ ಅಂತ" ಎಂದರು ಮಾಲೀಕರು. "ಎಲ್ಲಾ ಹೂಂ ಅಂದ್ವು. ಸಂಜೆ ನೋಡಿದ್ರೆ ಅವ್ನಿಗೆ ಓಟೇ ಇಲ್ಲ. ಏನಮ್ಮಾ ಹೇಳ್ಕೊಟ್ಟೆ ಅವಕ್ಕೆ?"

"ಏನಿಲ್ರಿ ಅಂಕಲ್. ಅವರು ಕೇಳಿದ್ರ ಹೂಂ ಅನ್ರಿ, ಹಿರೇರಿಗೆ ಬ್ಯಾಸರ ಮಾಡಬ್ಯಾಡ್ರಿ ಅಂದೆ. ಅಷ್ಟಽ."

ಮಾಲೀಕರು ನನ್ನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು. ನಾನು ಕುರ್ಚಿ ಹಿಡಿದುಕೊಂಡೆ. ಅವರು ಕುರ್ಚಿಯನ್ನು ನನ್ನ ಕೈಯಿಂದ ಎಳೆದುಕೊಂಡು ಅದರಲ್ಲಿ ಕುಸಿದರು.

"ಇವ್ರಿಗೆ ಖಾಲಿ ಮಾಡಿ ಅಂತ ಹೇಳೋಕೇ ಬಂದೆ ಮೇಷ್ಟ್ರೇ. ಈಗ ಹೆಂಗೆ ಹೇಳ್ಲಿ? ಬರೋ ತಿಂಗಳು ನಗರಸಭೆಗೆ ನಿಲ್ತಾ ಇದ್ದೀನಿ. ಓಡಾಡಿ ವಠಾರದವ್ರ ಹೆಸರೆಲ್ಲ ಇಲ್ಲಿನ ಓಟರ್ ಲಿಸ್ಟಿಗೆ ಹಾಕ್ಸಿದ್ದೀನಿ. ಮನೆಮನೆಗೂ ಹೋಗಿ ಕೇಳ್ದೆ." ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. "ಎಲ್ರೂ ಹೂಂ ಅಂದವ್ರೆ."

ಆಮೇಲೆ ಅವರು ಹುಡುಗಿಯನ್ನು ಹತ್ತಿರ ಕರೆದರು. ಅಷ್ಟು ಮೃದುವಾದ ದನಿ ಅವರಲ್ಲಿದೆಯೆಂದು ವಠಾರಕ್ಕೆ ಗೊತ್ತಿದ್ದಂತಿಲ್ಲ.

"ನೀವು ಎಲ್ಲೂ ಹೋಗ್ಬೇಡಿ, ಇಲ್ಲೇ ಇರಿ ಅಂತ ನಿಮ್ಮಮ್ಮಂಗೆ ಹೇಳು ಪುಟ್ಟಿ. ನೀರೂ ಬಿಡಿಸ್ತೀನಿ. ನಿಮ್ಮನೆ ಓಟು ಮಾತ್ರ ನಂಗೇ ಹಾಕಿಸ್ತೀಯಲ್ವಾ?"

ಹುಡುಗಿ ಒಂದು ಕ್ಷಣವೂ ತಡಮಾಡಲಿಲ್ಲ.

"ಹೂಂ ರೀ" ಎಂದಳು.