ಗಂಟಿಲ್ಲದ ಗಿಡ

ನಮ್ಮ ಸೋದರತ್ತೆಗೆ ಈ ಜಗತ್ತಿನಲ್ಲಿ ಯಾವುದರ ಮುಖದ ಮೇಲೂ ನಂಬಿಕೆಯಿಲ್ಲ. ಅವರು ನೋಡುವುದೇನಿದ್ದರೂ ಬೆನ್ನು! ನನ್ನ ಮದುವೆಗೆ ಸೀರೆ ತಂದಾಗ ಮನೆಯವರೆಲ್ಲ ಬಣ್ಣ ನೋಡಿ ಮೆಚ್ಚುತ್ತಿದ್ದರೆ, ಇವರು ಸೆರಗನ್ನು ಮಗುಚಿ ಹಾಕಿ, ಕನ್ನಡಕ ಏರಿಸಿಕೊಂಡು, ಹತ್ತು ನಿಮಿಷ ಹಿಂಬದಿಯ ದಾರ ಪರೀಕ್ಷಿಸಿದ್ದರು. ಹುಡುಗನನ್ನು ನೋಡಲು ಹೋದಾಗಲೂ ಅಷ್ಟೆ. "ಮುಂದಿಂದ ಛಲೋ ಅದಾನ. ಒಂದ್ಸಲ ಹೊಳ್ಳಿ ನಿಂದರಪಾ" ಎಂದುಬಿಟ್ಟರು. ಪಾಪ, ಅವನು ನಿಜವಾಗಿಯೂ ಹೊರಳಿ ನಿಂತ. ಅಷ್ಟು ಮೆತ್ತಗಿನ ಗಂಡ ಇನ್ನೆಲ್ಲಿ ಸಿಕ್ಕಾನು ಎಂದು ನಾನು ಅಲ್ಲೇ ಒಪ್ಪಿಕೊಂಡೆ.

ತಪ್ಪು ಅತ್ತೆಯದಲ್ಲ, ಕಸೂತಿಯದು. ಧಾರವಾಡದ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಅವರು ಮೂವತ್ತು ವರ್ಷ ಹೊಲಿಗೆ ಕಲಿಸಿದವರು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಸೂಜಿ ಒಂದು ಮನೆ, ಅಂದರೆ ಒಂದು ಹೊಲಿಗೆಯಷ್ಟು ಜಾಗ, ಬಿಟ್ಟು ಒಂದು ಮನೆ ಹೊಲಿಯುತ್ತ ಹೋಗಬೇಕು. ಬಿಟ್ಟ ಮನೆಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗಬೇಕು. ಆಗ ಬಟ್ಟೆಯ ಎರಡೂ ಬದಿಗೆ ಒಂದೇ ಚಿತ್ತಾರ. ಗಂಟು ಕಂಡರೆ? ಮಾನ ಹೋಯಿತು ಎಂದೇ ಲೆಕ್ಕ!

ಇಂಥ ಅತ್ತೆ ಎಪ್ಪತ್ತಮೂರನೇ ವಯಸ್ಸಿನಲ್ಲಿ, ಕಳೆದ ನವೆಂಬರ್‌ನಲ್ಲಿ ಒಂದು ದಿನ, ಊಟದ ನಡುವೆ ಘೋಷಿಸಿದರು: ಈ ಸಲ ಕ್ರಿಸ್ಮಸ್‌ಗೆ ನಮ್ಮ ಟೆರೇಸಿನ ಮೇಲೆ ಹದಿನಾರು ಅಡಿಯ ದೀಪದ ಗಿಡ! ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನನ್ನ ತವರು ಕ್ರೈಸ್ತರ ಮನೆಯೇನೋ ಹೌದು. ಆದರೆ ಪ್ರತಿವರ್ಷ ಬಾಗಿಲಿಗೆ ಒಂದು ಕಾಗದದ ನಕ್ಷತ್ರ ತೂಗಿಬಿಟ್ಟರೆ ನಮ್ಮ ಅಲಂಕಾರ ಮುಗಿಯುತ್ತಿತ್ತು.

"ಅಕ್ಕಾ, ನಕ್ಷತ್ರ ಸಾಕಾಗಂಗಿಲ್ಲೇನು?" ಎಂದರು ಅಪ್ಪ.

"ನಕ್ಷತ್ರ ಎಲ್ಲಾರೂ ಹಾಕ್ತಾರ. ನನಗ ಗಿಡ ಬೇಕು. ದೀಪ ಒಂದು ಬಿಟ್ಟು ಒಂದು ಹತ್ತಗೋಂತ ಮ್ಯಾಲೆ ಹೋಗಬೇಕು, ಬಿಟ್ಟದ್ದು ತುಂಬಕೋಂತ ಕೆಳಗ ಬರಬೇಕು. ಹಿಂದ ನಿಂತು ನೋಡಿದ್ರೂ ಹಂಗ ಕಾಣಬೇಕು!"

"ಹಿಂದಿಂದ ಯಾರು ನೋಡ್ತಾರ?" ಎಂದವರೇ ಅಪ್ಪ ನಾಲಿಗೆ ಕಚ್ಚಿಕೊಂಡರು. ಹಿಂದೆ ಯಾರಿದ್ದಾರೆಂದು ನಮಗೆಲ್ಲ ಗೊತ್ತಿತ್ತು.

ಹಿಂದಿನ ಮನೆಯಲ್ಲಿರುವವರು ಅತ್ತೆಯದೇ ಸಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಟೀಚರು, ಅತ್ತೆಯ ಜೀವದ ಗೆಳತಿ. ನಡುವಿನ ಗೋಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಓಡಾಡುತ್ತಿತ್ತು. ಪಂಚಮಿಗೆ ಅವರಿಂದ ಉಂಡಿ, ಕ್ರಿಸ್ಮಸ್‌ಗೆ ನಮ್ಮಿಂದ ಕೇಕು, ಕರ್ಚಿಕಾಯಿ. ಒಂಬತ್ತು ವರ್ಷದ ಹಿಂದೆ ಸಾಲೆಯ ಪ್ರದರ್ಶನದಲ್ಲಿ ಈ ಗೆಳತಿ ಅತ್ತೆಯ ಕಸೂತಿ ಮೇಜುಬಟ್ಟೆಯನ್ನು ತಿರುವಿ, ಊರಿಗೆಲ್ಲ ಕೇಳುವಂತೆ, "ಏ, ಇಲ್ಲೊಂದು ಗಂಟ ಐತಿ ನೋಡ!" ಎಂದುಬಿಟ್ಟರು. ಅದು ಗಂಟಲ್ಲ, ದಾರಕ್ಕೆ ಅಂಟಿದ್ದ ಹತ್ತಿಯ ಜುಂಗು ಎಂದು ಅತ್ತೆಯ ವಾದ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಆಗ ಬಂದಿದ್ದ ಡಬ್ಬಿ ನಮ್ಮ ಅಡುಗೆಮನೆಯಲ್ಲೇ ಉಳಿಯಿತು. ಖಾಲಿ ಡಬ್ಬಿ ವಾಪಸ್ ಕೊಡುವುದು ನಮ್ಮ ಕಡೆ ಪದ್ಧತಿಯಲ್ಲ. ತುಂಬಿ ಕೊಡಲು ಅತ್ತೆಗೆ ಮನಸ್ಸಿಲ್ಲ!

ಕಳೆದ ಮಳೆಗಾಲದಲ್ಲಿ ಆ ಟೀಚರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅವರ ಮಂಚ ಈಗ ನಮ್ಮ ಕಡೆಯ ಕಿಟಕಿಯ ಹತ್ತಿರ. ಯಾರ ಜೊತೆಯೂ ಮಾತಾಡುವುದಿಲ್ಲ, ಪರದೆ ಸರಿಸಲೂ ಬಿಡುವುದಿಲ್ಲ ಎಂದು ಅವರ ಸೊಸೆ ನನ್ನ ತಾಯಿಯ ಹತ್ತಿರ ಅತ್ತಿದ್ದಳು. ಅತ್ತೆ ಅದನ್ನು ಕೇಳಿಸಿಕೊಂಡರು. ಮೂರನೆಯ ದಿನವೇ ಈ ಗಿಡ.

"ಅಕಿ ಪರದೆ ಸರಿಸಬೇಕು. ನನ್ನ ಗಿಡ ನೋಡಬೇಕು. ಒಂದ ಗಂಟ ತೋರಸಲಿ ನೋಡೋಣು!" ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡರು.

ದೇಶಪಾಂಡೆ ನಗರದ ಗಂಡನ ಮನೆಯಿಂದ ದಿನಾ ಸಂಜೆ ನನ್ನನ್ನು ಕರೆಸಿಕೊಂಡು, ಗ್ರಾಫ್ ಹಾಳೆಯ ಮೇಲೆ ಚೌಕ ಎಣಿಸಲು ಹಚ್ಚಿದರು. ಒಂದು ಚೌಕಕ್ಕೆ ಒಂದು ದೀಪ. ಹಾಳೆಯ ಮೇಲಿನ ಗಿಡ ಮುಗಿಯುವ ಹೊತ್ತಿಗೆ ಅದು ಕಸೂತಿ ಸೆರಗಿನ ಮೇಲಿನ ಗೋಪುರದ ಹಾಗೆಯೇ ಕಾಣತೊಡಗಿತ್ತು. ಬುಡದಲ್ಲಿ ಎರಡು ಆನೆ ಬೇರೆ!

"ಅತ್ತೀ, ಬೆತ್ಲೆಹೇಮಿಗೆ ಆನಿ ಬಂದಿತ್ತೇನ್ರಿ?"

"ಒಂಟಿ ಬಂದಿತ್ತಲ್ಲ? ಆನಿಗೆ ಏನ ಧಾಡಿ? ಎಣಸು!"

ಇನ್ನು ದೀಪದವರು. ಕಮರಿಪೇಟೆಯಿಂದ ಬಂದ ಈ ಗೃಹಸ್ಥರು ಗಣಪತಿ ಮಂಟಪಗಳಿಗೆ ಲೈಟು ಕಟ್ಟಿ ಹೆಸರಾದವರು. ಒಂದೊಂದು ದೀಪವೂ ಹೇಳಿದ ಹಾಗೆ ಕೇಳುವ ಸರ ಅವರ ಹತ್ತಿರವಿತ್ತು. ಹೇಳಿದ ಹಾಗೆ ಕೇಳದ ಅತ್ತೆ ಮಾತ್ರ ಅವರಿಗೆ ಹೊಸಬರು. ಮೊದಲ ದಿನ ವಾಯರ್ ಸಾಲದೆ, ಇನ್ನೊಂದು ತುಂಡು ಸೇರಿಸಿ, ಹೊಸೆದು, ಕರಿ ಟೇಪು ಸುತ್ತಿದರು. ಅತ್ತೆ ಗಿಡದ ಹಿಂದಿನಿಂದ ಚೀರಿದರು: "ತಮ್ಮಾ, ಏನಿದು? ಗಂಟ!"

"ಜಾಯಿಂಟ್ ಅದು ಅಕ್ಕಾರ. ಗಣಪತಿ ಮಂಟಪಕ್ಕ ಸಾವಿರಾರು ಜಾಯಿಂಟ್ ಹಾಕೇನ್ರಿ, ಯಾವತ್ತೂ ದೇವರು ಹಿಂದ ಬಂದು ನೋಡಿಲ್ಲ."

"ನಿಮ್ಮ ದೇವರು ದೊಡ್ಡ ಮನಸ್ಸಿನಾಂವ. ನಮ್ಮ ಹಿಂದಿನ ಮನಿಯಾಕಿ ಹಂಗಲ್ಲ. ಬಿಚ್ಚು!"

ಮೂರು ಸಲ ಕಟ್ಟಿ ಮೂರು ಸಲ ಬಿಚ್ಚಿದ ಮೇಲೆ, ಆ ಗೃಹಸ್ಥರೂ ನಮ್ಮ ಮನೆಯ ಮೇಜುಬಟ್ಟೆಗಳನ್ನು ತಿರುವಿ ನೋಡತೊಡಗಿದ್ದರು.

ಊರವರ ಉಪದೇಶಕ್ಕೇನು ಕಡಿಮೆಯೇ? ಈ ವಯಸ್ಸಿನಲ್ಲಿ ಟೆರೇಸ್ ಹತ್ತಬಾರದು ಎಂದರು ಅಪ್ಪ. ಅವರು ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಟೆರೇಸಿನ ಮೇಲಿದ್ದರು. ನಮ್ಮ ಚರ್ಚಿನ ಹಿರಿಯರೊಬ್ಬರು ಬಂದು ಅಲಂಕಾರದ ಸ್ಪರ್ಧೆಯ ಸುದ್ದಿ ತೆಗೆದರು. "ಹಿಂದಿನ ದೀಪಾನೂ ರಸ್ತೆ ಕಡೆ ಹಾಕಸ್ರಿ. ಪ್ರೈಜ್ ನಿಮ್ಮದ."

"ನಿಮ್ಮ ಪ್ರೈಜ್ ನಿಮ್ಮ ರಸ್ತೆ ಕಡೆನ ಇರ್ಲಿ. ನನ್ನ ಪರೀಕ್ಷಾ ಹಿಂದ ಐತಿ" ಎಂದು ಅತ್ತೆ ಅವರಿಗೆ ಚಹಾ ಕೊಟ್ಟು ಕಳಿಸಿದರು. ನನಗಂತೂ ಎದ್ದು ಚಪ್ಪಾಳೆ ಹೊಡೆಯಬೇಕೆನ್ನಿಸಿತು. ಹೊಡೆಯಲಿಲ್ಲ, ಕೈಯಲ್ಲಿ ಗ್ರಾಫ್ ಹಾಳೆಯಿತ್ತು.

ಕ್ರಿಸ್ಮಸ್‌ನ ಹಿಂದಿನ ದಿನ ಬೆಳಿಗ್ಗೆ ಅತ್ತೆ ದೀಪದವರ ಹತ್ತಿರ ಕರಿ ಟೇಪು ಕೇಳಿ ಇಸಿದುಕೊಂಡರು. ಯಾಕೆಂದು ಕೇಳಿದರೆ, ಕೊಡೆ ಹರಿದಿದೆಯಂತೆ. ಮಳೆ ನಿಂತು ಎರಡು ತಿಂಗಳಾಗಿತ್ತು. ಅವರ ತಲೆಯಲ್ಲಿ ಯಾವಾಗ ಏನು ಬರುತ್ತದೋ ಯಾರಿಗೆ ಗೊತ್ತು!

ಸಂಜೆ ಏಳಕ್ಕೆ ಸ್ವಿಚ್ಚು ಒತ್ತಿದರು. ದೀಪಗಳು ಒಂದು ಬಿಟ್ಟು ಒಂದು ಹೊತ್ತುತ್ತ ತುದಿಗೆ ಏರಿದವು. ಬಿಟ್ಟ ಜಾಗ ತುಂಬುತ್ತ ಮೆಲ್ಲಗೆ ಇಳಿದವು. ಆನೆಗಳು ಬೆಳಗಿದವು. ರಸ್ತೆಯಲ್ಲಿ ನಿಂತ ಜನ ಹೋ ಎಂದರು. ಹಿರಿಯರು ಅತ್ತೆಯನ್ನು ಹುಡುಕುತ್ತಿದ್ದರು. ಅತ್ತೆ ಎಲ್ಲಿ? ಇಳಕಲ್ ಸೀರೆ ಉಟ್ಟುಕೊಂಡು ಹಿತ್ತಲ ಗೋಡೆಯ ಹತ್ತಿರ, ಜಗತ್ತಿಗೆಲ್ಲ ಬೆನ್ನು ಹಾಕಿ ನಿಂತಿದ್ದರು. ನಾನೂ ದೀಪದವರೂ ಅವರ ಹಿಂದೆ ನಿಂತೆವು.

ಕಿಟಕಿಯ ಪರದೆ ಮುಚ್ಚಿಯೇ ಇತ್ತು. ಗಿಡ ಒಮ್ಮೆ ಹತ್ತಿ ಇಳಿಯಿತು. ಇನ್ನೊಮ್ಮೆ. ಮೂರನೆಯ ಸಲ ಪರದೆ ಒಂದು ಗೇಣು ಸರಿಯಿತು. ಆಮೇಲೆ ಪೂರ್ತಿ ಸರಿಯಿತು. ಅತ್ತೆ ನನ್ನ ಕೈ ಹಿಡಿದುಕೊಂಡರು.

"ಏ! ಬಲಗಡೆ, ಕೆಳಗಿಂದ ನಾಕನೇ ಸಾಲಿನ್ಯಾಗ ಗಂಟ ಐತಿ!" ಎಂದಿತು ಕಿಟಕಿಯೊಳಗಿನ ದನಿ.

ನೋಡಿದರೆ ಹೌದು, ಎರಡು ದೀಪಗಳ ನಡುವೆ ಕರ್ರಗಿನ ಒಂದು ಮುದ್ದೆ! "ಖರೇನ ನಾ ಹಾಕಿಲ್ರೀ ಅಕ್ಕಾರ!" ಎಂದು ದೀಪದವರು ಗಲ್ಲ ಗಲ್ಲ ಬಡಿದುಕೊಂಡರು.

ಅತ್ತೆ ಮಾತ್ರ ಗೋಡೆ ಹಿಡಿದು ತುದಿಗಾಲಲ್ಲಿ ನಿಂತು ಕೂಗಿದರು. "ಹೌದು, ಐತಿ! ಅವತ್ತಿನ ಬಟ್ಟಿಯೊಳಗೂ ಇತ್ತು!"

ಗಿಡ ಒಮ್ಮೆ ಹತ್ತಿ ಇಳಿಯಿತು.

"ನಾನೂ ಎಲ್ಲಾರ ಮುಂದ ಹೇಳಬಾರದಿತ್ತು" ಎಂದಿತು ಕಿಟಕಿ. ಅದರ ಬೆನ್ನಿಗೇ, "ನನ್ನ ಡಬ್ಬಿ ಎಲ್ಲೈತಿ?" ಎಂದಿತು.

ಅತ್ತೆಯ ಕಣ್ಣಿಂದ ನೀರಿಳಿಯಿತು. ಅವರು ಅತ್ತದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು. ಅಡುಗೆಮನೆಯ ಕಡೆ ಕೈ ಮಾಡಿದರು. ಓಡಿದೆ. ಡಬ್ಬಿ ಕಟ್ಟೆಯ ಮೇಲೆ ಆಗಲೇ ತುಂಬಿ ಕೂತಿತ್ತು. ಕೆಳಗೆ ಕೇಕು, ಮೇಲೆ ಕರ್ಚಿಕಾಯಿ. ಪಕ್ಕದಲ್ಲಿ ಕರಿ ಟೇಪು. ಕೊಡೆ ಬಾಗಿಲ ಹಿಂದೆ ಹರಿದ ಹಾಗೆಯೇ ತೂಗುತ್ತಿತ್ತು.

"ನೀವ ಹಾಕಿದ್ರೇನ್ರಿ ಅತ್ತೀ?" ಎಂದೆ, ಡಬ್ಬಿ ಹಿಡಿದು ವಾಪಸ್ ಬಂದು.

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು ಕಿಟಕಿಯನ್ನೇ ನೋಡುತ್ತಿದ್ದರು.

"ಗಂಟ ಇಲ್ಲಾಂದ್ರ ಅಕಿ ಬಾಯಿ ತಗೀತಿದ್ದಿಲ್ಲವಾ. ಲಗೂ ಒಯ್ದು ಕೊಡು."