ಎಲ್ಲ ಸರಿಯಿದೆ ಎನ್ನುವ ಪೆಟ್ಟಿಗೆ

ನನ್ನ ಮನೆಯ ಸಮಾಚಾರ ಇನ್ನು ಹೊಸಿಲು ದಾಟಕೂಡದೆಂದು ಈ ವಸಂತದಲ್ಲಿ ರಾಜಾಜ್ಞೆ ಹೊರಡಿಸಿದೆ. ರುಸೆ ಪಟ್ಟಣದ ಅರ್ಧಕ್ಕರ್ಧ ಲಿಫ್ಟುಗಳನ್ನು ರಿಪೇರಿ ಮಾಡಿ ನಿವೃತ್ತನಾದ ಲ್ಯುಬೆನ್ ನಾನು. ಅಷ್ಟು ಯೋಗ್ಯತೆ ಸಾಲದೇ? ಪ್ರಜೆಗಳೇ ಇರಲಿಲ್ಲ, ಅಷ್ಟೆ. ಹೆಂಡತಿ ರುಮ್ಯಾನಾ ಎರಡು ವರ್ಷದಿಂದ ಇಟಲಿಯಲ್ಲಿ ಒಬ್ಬ ಮುದುಕಿಯ ಆರೈಕೆಗಿದ್ದಾಳೆ. ಮನೆಯಲ್ಲಿ ಉಳಿದದ್ದು ನಾನು, ಒಂದು ಕಂಪ್ಯೂಟರು, ವೈಫೈ ಇರುವಾಗ ಸಿಮ್ ಯಾಕೆಂದು ನಾನೇ ಸಿಮ್ ಕಿತ್ತ ಫೋನು.

ಎರಡೂ ಚಾಡಿಕೋರರು. ಆಗಾಗ ತಮ್ಮನ್ನು ಹೆತ್ತ ಕಂಪನಿಯ ದೂರದ ಯಂತ್ರವನ್ನು ‘ಇಂಟರ್ನೆಟ್ ಇದೆಯೇ?’ ಎಂದು ವಿಚಾರಿಸುತ್ತವೆ. ಉತ್ತರ ಬಂದರೆ ಇದೆ, ಬಾರದಿದ್ದರೆ ಇಲ್ಲ. ಆ ದಾರಿಯನ್ನು ನಾನು ಮುಚ್ಚಿಬಿಟ್ಟೆ. ಇಂಟರ್ನೆಟ್ಟೇ ಇಲ್ಲವೆಂದು ಎರಡೂ ಮುಷ್ಕರ ಹೂಡಿದವು. ಆಗ ಹಳೆಯ ಪುಟ್ಟ ಕಂಪ್ಯೂಟರೊಂದನ್ನು ಕಪಾಟಿನ ಮೇಲೆ ಕೂರಿಸಿ, ಅವೆರಡೂ ಕೇಳಿದಾಗಲೆಲ್ಲ ಕಂಪನಿಯ ಬದಲು ಅದೇ ‘ಇದೆ, ಎಲ್ಲ ಸರಿಯಿದೆ’ ಎನ್ನಲು ಕಲಿಸಿದೆ. ಚಾಡಿ ಮನೆಯೊಳಗೇ ಮುಗಿಯಿತು.

ಬುಧವಾರ ರುಮ್ಯಾನಾ ಕರೆ ಮಾಡಿ, ಮುದುಕಿಗೆ ಜ್ವರ, ಈಸ್ಟರ್‌ಗೆ ಬರಲಾಗದು ಎಂದಳು.

“ಬರೋಕಾಗ್ದಿದ್ರೆ ಬಿಡು. ನಂಗಿಲ್ಲಿ ಯಾವುದಕ್ಕೂ ಕಮ್ಮಿ ಇಲ್ಲ,” ಎಂದೆ.

ಗುರುವಾರ ಕರೆ ಬರಲಿಲ್ಲ. ಶುಕ್ರವಾರವೂ ಇಲ್ಲ. ಫೋನು ನೋಡಿದರೆ ಇಂಟರ್ನೆಟ್ ಭರ್ಜರಿಯಾಗಿದೆ! ಅಂದಮೇಲೆ ಅವಳಿಗೇ ಕೋಪ. ‘ಸಿಟ್ಟಾ?’ ಎಂದು ಬರೆದು ಕಳಿಸಿದೆ; ಓದಿದ ಗುರುತು ಬೀಳಲಿಲ್ಲ. ಶನಿವಾರ ಒಬ್ಬನೇ ಈಸ್ಟರ್ ಪದ್ಧತಿಯಂತೆ ಹನ್ನೆರಡು ಮೊಟ್ಟೆಗಳಿಗೆ ಕೆಂಪು ಬಣ್ಣ ಹಾಕಿದೆ. ಹಬ್ಬದ ಬೆಳಿಗ್ಗೆ ಮೊಟ್ಟೆಗೆ ಮೊಟ್ಟೆ ಕುಟ್ಟಬೇಕು, ಒಡೆಯದೆ ಉಳಿದ ಮೊಟ್ಟೆಯವರು ಗೆದ್ದಂತೆ; ಅದಕ್ಕೆ ಎದುರಾಳಿ ಬೇಕಲ್ಲ. ಬಲಗೈಗೂ ಎಡಗೈಗೂ ಪಂದ್ಯ ಇಟ್ಟೆ. ಎಡಗೈ ಗೆದ್ದಿತು. ಅಭಿನಂದಿಸಲು ಯಾರೂ ಇರಲಿಲ್ಲ.

ಮಧ್ಯಾಹ್ನ ಕೆಳಮನೆಯ ಡೊಬ್ರಿಂಕಾ ಅಕ್ಕ ಸಿಮ್ ಇರುವ ತಮ್ಮ ಫೋನು ಹಿಡಿದು ಏದುಸಿರು ಬಿಡುತ್ತ ಬಂದರು. ಬುಧವಾರ ಸಂಜೆಯೇ ರಸ್ತೆ ಅಗೆಯುವವರು ಕೇಬಲ್ ಕಡಿದಿದ್ದರಂತೆ. ಇಡೀ ಕಟ್ಟಡಕ್ಕೆ ಗೊತ್ತಿತ್ತು, ನನ್ನ ಮನೆಯೊಂದನ್ನು ಬಿಟ್ಟು. ಫೋನಿನೊಳಗೆ ರುಮ್ಯಾನಾ.

“ನಾಲ್ಕು ದಿನದಿಂದ ಎಲ್ಲಿ ಸತ್ತಿದ್ದೆ? ದಿನಾ ಆರಾರು ಸಲ ಮಾಡ್ತಿದೀನಿ.”

“ನೀನೇ ಮಾತು ಬಿಟ್ಟೆ ಅಂದ್ಕೊಂಡೆ ಕಣೆ.”

ನನ್ನ ಪೆಟ್ಟಿಗೆಯ ಪ್ರತಾಪವನ್ನು ತೊದಲುತ್ತ ವಿವರಿಸಿದೆ. ಆ ಕಡೆ ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

“ಅದನ್ನ ಮೊದ್ಲು ಕಿತ್ತು ಬಿಸಾಕು,” ಎಂದಳು. “ಎಲ್ಲ ಸರಿಯಿದೆ ಅಂತ ಸುಳ್ಳು ಹೇಳೋಕೆ ಆ ಮನೇಲಿ ನೀನೊಬ್ಬ ಸಾಲ್ದಾ?”