ಗಣಿತ ಮಾಸ್ತರರ ಏಕಾಗ್ರತೆ, ನನ್ನ ಹೊಟ್ಟೆಕಿಚ್ಚು

ಮನಸ್ಸು ಹತೋಟಿಯಲ್ಲಿರುವವರ ಬಾಜೂ ಮನೆಯಲ್ಲಿ ನಮ್ಮಂಥವರು ಬಾಡಿಗೆಗೆ ಇರಬಾರದು. ಇದ್ದರೆ ದಿನಕ್ಕೊಂದು ಫಜೀತಿ ತಪ್ಪುವುದಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಕುಬಿಹಾಳದ ಕಡೆ ಒಂದು ಸಾಲಿಯಲ್ಲಿ ಕನ್ನಡ ಕಲಿಸುತ್ತಿದ್ದೆ. ಬಾಜೂ ಮನೆಯಲ್ಲಿ ನಮ್ಮ ಸಾಲಿಯ ಗಣಿತ ಮಾಸ್ತರರು. ಸಿಟ್ಟಿಲ್ಲ, ಮರೆವಿಲ್ಲ, ಬಾಯಿ ತಪ್ಪಿ ಒಂದು ಮಾತಿಲ್ಲ. ನನ್ನ ಹೆಂಡತಿ ಬೆಳಿಗ್ಗೆ ಚಹಾದ ಜೊತೆಗೇ ಶುರು ಮಾಡುತ್ತಿದ್ದಳು: "ಅವರನ್ನ ನೋಡ್ರಿ." ನೋಡೀ ನೋಡೀ ನನ್ನ ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡಿತ್ತು.

ಅತ್ತೆ ಬಂದದ್ದು

ಒಂದು ಭಾನುವಾರ ಬಮ್ಮಿಗಟ್ಟಿಯಿಂದ ನಮ್ಮ ಅತ್ತೆ ಬರುವವರಿದ್ದರು. "ಬಸ್ಸಿಗೆ ಹೋಗಿ ಕರಕೊಂಡ ಬರ್ರಿ, ಮರೀಬ್ಯಾಡ್ರಿ" ಎಂದು ಹೆಂಡತಿ ಕಳಿಸಿದಳು. ಸೈಕಲ್ ಹತ್ತಿದೆ. ಊರ ಅಗಸಿ ದಾಟಿ ಎಡಕ್ಕೆ ಹೊರಳಿದರೆ ಬಸ್ಸು ನಿಲ್ಲುವ ಜಾಗ, ಬಲಕ್ಕೆ ಹೊರಳಿದರೆ ಸಾಲಿ. ಕಾಲಿಗೆ ರೂಢಿಯಾದದ್ದು ಬಲಕ್ಕೆ. ಸಾಲಿಗೆ ಹೋಗಿ, ಬಾಗಿಲಿಗೆ ಕೀಲಿ ನೋಡಿ, ಇನ್ನೂ ಯಾಕೆ ಗಂಟೆ ಹೊಡೆದಿಲ್ಲ ಎಂದು ಸಿಪಾಯಿಯ ಮೇಲೆ ಸಿಟ್ಟೂ ಮಾಡಿಕೊಂಡೆ. ಆಮೇಲೆ ಎಚ್ಚರಾಗಿ ಓಡಿದರೆ ಬಸ್ಸಿನ ಕಡೆ ಯಾರೂ ಇಲ್ಲ.

ಮನೆಯಲ್ಲಿ ಅತ್ತೆ ಪಡಸಾಲೆಯಲ್ಲಿ ಕೂತಿದ್ದರು. ಪಕ್ಕದಲ್ಲಿ ಅವರ ಗಂಟು ಹೊತ್ತು ತಂದಿದ್ದ ಗಣಿತ ಮಾಸ್ತರರು. ಅವರು ಹೋದ ಮೇಲೆ ಅತ್ತೆ ಮಗಳಿಗೆ ಕೇಳಿದರು: "ಈ ಗಣಿತ ಮಾಸ್ತರರಿಗೆ ತಮ್ಮ ಯಾರರ ಅದಾರೇನವಾ? ನಿನ್ನ ತಂಗಿಗೆ ಕೇಳೂಣು. ನಿನ್ನ ಲಗ್ನದಾಗ ನಾವು ಗಡಿಬಿಡಿ ಮಾಡಿದ್ವಿ."

ಕರೀ ಬಣ್ಣ

ನಮ್ಮ ಹೆಡ್ ಮಾಸ್ತರರು ಮೀಸೆಗೆ ಕರೀ ಬಣ್ಣ ಹಚ್ಚಿಕೊಂಡು ಬಂದಿದ್ದರು. ಬಣ್ಣ ಮೀಸೆ ದಾಟಿ ಗಲ್ಲಕ್ಕೂ ಹತ್ತಿತ್ತು. ಮೀಟಿಂಗಿನಲ್ಲಿ ಎಲ್ಲರೂ ನೆಲ ನೋಡುತ್ತ ಕೂತಿದ್ದೆವು. ಇವತ್ತು ಏನೇ ಆಗಲಿ ಬಾಯಿ ಬಿಡಬಾರದು ಎಂದು ನಾನು ಹಲ್ಲು ಕಚ್ಚಿದ್ದೆ. ಹೆಡ್ ಮಾಸ್ತರರು, "ಬೋರ್ಡಿಗೆ ಬಣ್ಣ ಹೊಡಸಬೇಕ್ರಿ. ಕರೀ ಬಣ್ಣ ಎಲ್ಲಿ ಸಿಗತೈತಿ?" ಎಂದರು.

"ನಿಮ್ಮ ಮನ್ಯಾಗ ಉಳದಿದ್ರ ಅದನ್ನ ತರ್ರಿ ಸರ್" ಎಂದುಬಿಟ್ಟೆ.

ಆ ವರ್ಷವಿಡೀ ಬಿಸಿಲಿನ ಡ್ರಿಲ್ ಪಿರಿಯಡ್ ನನ್ನ ಪಾಲಿಗೆ ಬಂತು. ಗಣಿತ ಮಾಸ್ತರರ ಮುಖ ಮಾತ್ರ ಅಂದು ಅಳ್ಳಾಡಿರಲಿಲ್ಲ. ಹೊರಗೆ ಬಂದು ಕೇಳಿದೆ: "ನಿಮಗ ಏನೂ ಅನಸಲಿಲ್ಲೇನ್ರಿ?"

"ಅದ ಮಾತು ನನ್ನ ಬಾಯಿಗೂ ಬಂದಿತ್ರಿ. ನೀವು ಹೆಂಗೂ ಅಂತೀರಲ್ಲ ಅಂತ ಸುಮ್ಮನ ಕುಂತೆ."

ಬಣ್ಣದ ಪರೀಕ್ಷೆ

ನವಲಗುಂದದಲ್ಲಿ ಮಾಸ್ತರರಿಗೆ ತರಬೇತಿ ನಡೆದಿತ್ತು. ಮನಃಶಾಸ್ತ್ರ ಹೇಳಲು ಬಂದವರು ಒಂದು ದೊಡ್ಡ ರಟ್ಟು ತೂಗುಹಾಕಿದರು. ಅದರ ಮೇಲೆ 'ಕೆಂಪು' ಎಂದು ಹಸಿರು ಬಣ್ಣದಲ್ಲಿ, 'ಹಳದಿ' ಎಂದು ನೀಲಿಯಲ್ಲಿ ಬರೆದಿದ್ದರು. "ಅಕ್ಷರ ಓದಬ್ಯಾಡ್ರಿ, ಬಣ್ಣ ಅಷ್ಟ ಹೇಳ್ರಿ. ಓದೂ ಚಟಾ ತಡದವರ ಮನಸ್ಸು ಗಟ್ಟಿ" ಎಂದರು.

ಓದುವುದೇ ನನ್ನ ಹೊಟ್ಟೆಪಾಡು. "ಕೆಂಪ... ಅಲ್ಲ, ಹಸರ... ಹಳದಿ... ಅಯ್ಯ, ನೀಲಿ" ಎಂದು ಬೆವರಿದೆ. ಎಲ್ಲರೂ ನಕ್ಕರು. ಗಣಿತ ಮಾಸ್ತರರು ಎದ್ದು ನಿಂತು ಮಗ್ಗಿ ಒಪ್ಪಿಸಿದಂತೆ ಗಡಗಡ ಹೇಳಿ ಮುಗಿಸಿದರು. ಚಪ್ಪಾಳೆ! ಹೊಟ್ಟೆ ಧಗಧಗ ಉರಿಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಸೋತು ಕೇಳಿದೆ: "ಅಕ್ಷರದ ಕಡೆ ಚಿತ್ತ ಹೋಗದಂಗ ಹೆಂಗ ತಡದ್ರಿ?"

"ಯಾವ ಅಕ್ಷರ್ರಿ?" ಎಂದರು. "ಚಷ್ಮಾ ಮನ್ಯಾಗ ಮರತ ಬಂದೀನಿ. ನನಗ ಬರೇ ಬಣ್ಣ ಕಂಡ್ವು."

ಸಾಹೇಬರ ಮಾಲೆ

ತಪಾಸಣೆಗೆ ಸಾಹೇಬರು ಬಂದಾಗ ಗಣಿತದ ಪಾಠ ನಡೆದಿತ್ತು. ಹೊರಗೆ ಮದುವೆಯ ದಿಬ್ಬಣ ಬಾಜಾ ಬಜಂತ್ರಿಯೊಂದಿಗೆ ಹಾದುಹೋಯಿತು. ಮಾಸ್ತರರು ಕತ್ತು ಹೊರಳಿಸಲಿಲ್ಲ. "ಏಕಾಗ್ರತಾ ಅಂದ್ರ ಇದು!" ಎಂದು ಸಾಹೇಬರು ಬೆನ್ನು ಚಪ್ಪರಿಸಿದರು. ಬಾಜೂ ಕ್ಲಾಸಿನ ಬಾಗಿಲಿನಿಂದ ನಾನು ಇದನ್ನೆಲ್ಲ ಇಣುಕಿ ನೋಡುತ್ತಿದ್ದೆ. ಇವತ್ತು ಆಕಾಶ ಕಳಚಿ ಬಿದ್ದರೂ ಅತ್ತಿತ್ತ ನೋಡುವುದಿಲ್ಲ ಎಂದು ಶಪಥ ಮಾಡಿದೆ.

ಸಾಹೇಬರು ನನ್ನ ಕ್ಲಾಸಿಗೆ ಬಂದು, ಕೊರಳಲ್ಲಿದ್ದ ಚೆಂಡುಹೂವಿನ ಮಾಲೆ ತೆಗೆದು ಕಿಟಕಿಯ ಮೇಲಿಟ್ಟು, "ನೀವು ನಡಸ್ರಿ, ಚಹಾ ಕುಡದ ಬಂದೆ" ಎಂದು ಹೊರಗೆ ಹೋದರು. ನಾನು ಬೋರ್ಡಿಗೆ ಮುಖ ಮಾಡಿ ವ್ಯಾಕರಣ ಶುರು ಮಾಡಿದೆ.

"ಸರ್ರ, ಆಡು!" ಎಂದು ಮುಂದಿನ ಸಾಲಿನಿಂದ ಒಬ್ಬಳು ಕೂಗಿದಳು.

"ಆಡು, ನಾಮಪದ. ಕುಂದ್ರು."

"ಸರ್ರ, ತಿನ್ನಾಕತ್ತೈತ್ರಿ!"

"ಕ್ರಿಯಾಪದ. ಕುಂದ್ರು."

"ಅಯ್ಯ ಸರ್ರ, ಸಾಹೇಬರ ಮಾಲಿ!"

"ಸಾಹೇಬರ, ಷಷ್ಠೀ ವಿಭಕ್ತಿ. ಶಾಬಾಸ್, ಕುಂದ್ರು."

ಅಷ್ಟರಲ್ಲಿ ಕ್ಲಾಸು ಗಪ್ಪನೆ ಸುಮ್ಮನಾಯಿತು. ಹೊರಳಿ ನೋಡಿದರೆ ಬಾಗಿಲಲ್ಲಿ ಸಾಹೇಬರು. ಕಿಟಕಿಯಲ್ಲಿ ಒಂದು ಆಡು ಮುಂಗಾಲೂರಿ ನಿಂತಿದೆ. ಮಾಲೆಯಲ್ಲಿ ಉಳಿದದ್ದು ಅದರ ಬಾಯಿಂದ ಜೋತಾಡುವ ದಾರ ಮಾತ್ರ. ಸಾಹೇಬರು "ಹಚ್ಯಾ!" ಎಂದರು, ಕೈ ತಟ್ಟಿದರು, ನಾನು ಡಸ್ಟರ್ ಒಗೆದೆ. ಅದು ಕಣ್ಣು ಮಿಟುಕಿಸದೆ ದಾರವನ್ನೂ ನುಂಗಿತು.

"ನಾನು ಏಕಾಗ್ರತಾದಿಂದ ಪಾಠಾ ಮಾಡಾಕತ್ತಿದ್ದೆ ಸರ್" ಎಂದೆ.

ಸಾಹೇಬರು ನನ್ನನ್ನೊಮ್ಮೆ, ಆಡನ್ನೊಮ್ಮೆ ನೋಡಿದರು. "ಖರೇ ಹೇಳ್ಲೇನ್ರಿ? ನಿಮಗಿಂತ ಅದರದ ಅಗದಿ ಚೊಲೊ ಐತಿ."

ಸಂಜೆ ಮನೆಗೆ ಬರುವಾಗ ಆ ಆಡು ಹಾದಿಯಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು. ನಾನು ಮುಖ ತಿರುವಿಕೊಂಡು ಬೇರೆ ಓಣಿಯಿಂದ ಹೋದೆ.